ಸೋಪು ಮಾರುವವರ ಬಳಿಗೆ ಕಾನೂನು ಬಂದದ್ದು 35 ವರ್ಷ ತಡವಾಗಿ

ವಾರಕ್ಕೊಮ್ಮೆ ಊರಿನ ಕಿರಾಣಿ ಅಂಗಡಿಗೆ ಬರುವ ಸೇಲ್ಸ್ ಹುಡುಗರನ್ನು ನೀವೂ ನೋಡಿರುತ್ತೀರಿ. ಬೈಕ್ ನಿಲ್ಲಿಸಿ ಶಾಂಪೂ ಪ್ಯಾಕೆಟ್‌ಗಳ ಸರವನ್ನು ಕಣ್ಣಿಗೆ ಬೀಳುವಂತೆ ನೇತುಹಾಕುತ್ತಾರೆ. ಬಿಸ್ಕತ್ತಿನ ಡಬ್ಬ ಮುಂದಕ್ಕೆ ಸರಿಸುತ್ತಾರೆ. ಮೊಬೈಲ್‌ನಲ್ಲಿ ಆರ್ಡರ್ ತೆಗೆದುಕೊಂಡು ಮುಂದಿನ ಅಂಗಡಿಗೆ ಹೊರಡುತ್ತಾರೆ. ಪೇಟೆಯ ದೊಡ್ಡ ಮಳಿಗೆಗಳಲ್ಲಿ ಗಿರಾಕಿಗೆ ಸೋಪು ತೋರಿಸಿ ಮಾತಾಡಿಸುವವರಿಗೆ 'ಪ್ರಮೋಟರ್' ಎಂಬ ಹೆಸರಿದೆ. ನಮ್ಮ ಜೊತೆ ಓದಿದ ಕೆಲವರೂ ಇದೇ ಕೆಲಸದಲ್ಲಿದ್ದಾರೆ.

ಇವರು ಕಾನೂನಿನ ಕಣ್ಣಲ್ಲಿ ಕಾರ್ಮಿಕರೋ, ಅಲ್ಲವೋ? ಈ ಪ್ರಶ್ನೆಗೆ ಅರವತ್ತು ವರ್ಷಕ್ಕೂ ಹಳೆಯ ಕಥೆಯಿದೆ.

ಕಥೆ ಶುರುವಾಗುವುದು ಔಷಧಿ ಕಂಪನಿಗಳಿಂದ. 1947ರ ಕೈಗಾರಿಕಾ ವಿವಾದ ಕಾಯ್ದೆ ಮೈಮುರಿದು ದುಡಿಯುವವರನ್ನೂ ಗುಮಾಸ್ತರನ್ನೂ ಕಾರ್ಮಿಕರೆಂದು ಒಪ್ಪಿತ್ತು. ಮಾತಾಡಿ ಮಾಲು ಮಾರುವವರ ಹೆಸರು ಅದರಲ್ಲಿರಲಿಲ್ಲ. ಔಷಧಿ ಕಂಪನಿಯೊಂದರ ಪ್ರತಿನಿಧಿಯ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅವರ ಮುಖ್ಯ ಕೆಲಸ ಮಾರಾಟಕ್ಕೆ ಒಲಿಸುವುದು, ಹಾಗಾಗಿ ಅವರು ಕಾರ್ಮಿಕರಲ್ಲ ಎಂದು 1961ರಲ್ಲಿ ತೀರ್ಪು ಬಂತು. ಕೆಲಸದಿಂದ ತೆಗೆದರೆ ಕಾರ್ಮಿಕರಂತೆ ಕೇಳುವ ಹಕ್ಕೂ ಇಲ್ಲವಾಯಿತು.

ಪ್ರತಿನಿಧಿಗಳು ಸಂಘ ಕಟ್ಟಿ ಹೋರಾಡಿದರು. 1976ರಲ್ಲಿ ಮಾರಾಟ ಪ್ರವರ್ಧನ ನೌಕರರ ಕಾಯ್ದೆ ಬಂತು. ನೇಮಕಾತಿ ಪತ್ರ ಕೊಡಲೇಬೇಕು, ದುಡಿದ ಹನ್ನೊಂದು ದಿನಕ್ಕೆ ಒಂದು ದಿನದ ಲೆಕ್ಕದಲ್ಲಿ ಪೂರ್ಣ ಸಂಬಳದ ರಜೆ, ಹದಿನೆಂಟು ದಿನಕ್ಕೆ ಒಂದರಂತೆ ಅರ್ಧ ಸಂಬಳದ ಕಾಯಿಲೆ ರಜೆ ಎಂದು ಅದು ಹೇಳಿತು. ಕಮಿಷನ್ ಬಿಟ್ಟು ತಿಂಗಳಿಗೆ 750 ರೂಪಾಯಿಗಿಂತ ಹೆಚ್ಚು ಸಂಬಳವಿದ್ದವರು ಮೊದಲು ಇದರ ಹೊರಗಿದ್ದರು. 1986ರ ತಿದ್ದುಪಡಿ ಆ ಮಿತಿಯನ್ನು ತೆಗೆಯಿತು.

ಆದರೆ ಕಾಯ್ದೆ ಅನ್ವಯಿಸಿದ್ದು ಔಷಧಿ ಉದ್ಯಮಕ್ಕೆ ಮಾತ್ರ. ಬೇರೆ ಉದ್ಯಮಗಳನ್ನು ಸರ್ಕಾರ ಅಧಿಸೂಚನೆ ಹೊರಡಿಸಿ ಸೇರಿಸಬೇಕಿತ್ತು. ಸೋಪು, ಸೌಂದರ್ಯ ಸಾಮಗ್ರಿ, ಬಿಸ್ಕತ್ತು, ಮಿಠಾಯಿ, ತಂಪು ಪಾನೀಯ ಸೇರಿದಂತೆ ಹತ್ತು ಉದ್ಯಮಗಳಿಗೆ ಅಂಥ ಅಧಿಸೂಚನೆ ಬಂದದ್ದು 2011ರಲ್ಲಿ. ಮಾತ್ರೆ ಮಾರುವವರಿಗೆ ಸಿಕ್ಕ ಹಕ್ಕು ಸೋಪು ಮಾರುವವರಿಗೆ ಸಿಗಲು 35 ವರ್ಷ ಹಿಡಿಯಿತು.

ಇನ್ನು ಬಡ್ತಿಯ ಮಾತು. 1986ರ ತಿದ್ದುಪಡಿಯಲ್ಲೇ ಒಂದು ಸಾಲಿತ್ತು: ಮೇಲ್ವಿಚಾರಣೆ ಕೆಲಸದಲ್ಲಿದ್ದು ತಿಂಗಳಿಗೆ 1,600 ರೂಪಾಯಿಗಿಂತ ಹೆಚ್ಚು ಪಡೆಯುವವರಿಗೆ ಈ ಕಾಯ್ದೆ ಇಲ್ಲ. ಅಂದರೆ ಸೇಲ್ಸ್‌ಮನ್ ನಿಜವಾಗಿಯೂ ಸೂಪರ್‌ವೈಸರ್ ಆದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ, ಅದೇ ದಿನ ಕಾನೂನಿನ ನೆರಳು ತಪ್ಪುತ್ತದೆ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯ್ದೆ ಅವುಗಳಲ್ಲಿ ಸೇರಿಹೋಗಿದೆ. ಮಾರಾಟ ಪ್ರವರ್ಧನ ನೌಕರರು ಈಗ ಕಾರ್ಮಿಕರ ಲೆಕ್ಕದಲ್ಲೇ ಬರುತ್ತಾರೆ. ಮೇಲ್ವಿಚಾರಕರ ಮಿತಿ 18,000 ರೂಪಾಯಿಗೆ ಏರಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ನೇಮಕಾತಿ ಪತ್ರ ಕಡ್ಡಾಯ.

ಕೊನೆಯ ತೊಡಕು ಏಜೆನ್ಸಿಯದು. ಅಂಗಿಯ ಮೇಲೆ ಕಂಪನಿಯ ಹೆಸರಿದ್ದರೂ ಸಂಬಳ ಕೊಡುವವರು ತಾಲ್ಲೂಕಿನ ಡಿಸ್ಟ್ರಿಬ್ಯೂಟರ್ ಆಗಿರಬಹುದು. ಆಗ ಹತ್ತು ವರ್ಷ ಲೈನ್ ಸುತ್ತಿದ ಅನುಭವವೂ ಕಂಪನಿಯ ಪುಸ್ತಕದಲ್ಲಿ ಇರುವುದಿಲ್ಲ. ಬಡ್ತಿ ಕೇಳಲು ಆಧಾರವೇ ಇರುವುದಿಲ್ಲ.

ಹಾಗಾಗಿ ನಿಮ್ಮ ಮನೆಯ ಮಗನೋ ಮಗಳೋ ಈ ಕೆಲಸಕ್ಕೆ ಹೊರಟರೆ, ಸಂಬಳ ಎಷ್ಟು ಎಂದು ಕೇಳುವಾಗಲೇ ಇನ್ನೊಂದನ್ನೂ ಕೇಳಲು ಹೇಳಿ: ನೇಮಕಾತಿ ಪತ್ರ ಕೊಡುತ್ತೀರಾ, ಅದರಲ್ಲಿ ಯಾರ ಹೆಸರಿರುತ್ತದೆ? ಆ ಒಂದು ಹಾಳೆಗಾಗಿ ಹಿಂದಿನವರು ವರ್ಷಗಟ್ಟಲೆ ಹೋರಾಡಿದ್ದಾರೆ.