ಗುಟ್ಟು ಹುಟ್ಟುವುದು ಎಲ್ಲಿಂದ? ‘ವಂಶವೃಕ್ಷ’ವನ್ನು ಪುತ್ತಿಗೆಯಲ್ಲಿ ಕೂತು ಓದಿದಾಗ

ನಾನು ಮಾತಾಡಲಿಕ್ಕೆ ಆರಿಸಿಕೊಂಡದ್ದು ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965). ಬಿ.ವಿ. ಕಾರಂತ, ಗಿರೀಶ ಕಾರ್ನಾಡರ ಸಿನಿಮಾದಿಂದ ಕಥೆ ಹೆಚ್ಚಿನವರಿಗೆ ಗೊತ್ತುಂಟು. ಹಾಗಾಗಿ ಕಥೆ ಹೇಳುತ್ತಾ ಕೂರುವುದಿಲ್ಲ. ನನ್ನ ಪ್ರಶ್ನೆ ಒಂದೇ: ಮನೆತನದ ಗುಟ್ಟು ಹುಟ್ಟುವುದು ಎಲ್ಲಿಂದ?

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ವಂಶದಲ್ಲಿ ಅಚಲ ನಂಬಿಕೆ ಇಟ್ಟವರು. ವಿಧವೆ ಸೊಸೆ ಕಾತ್ಯಾಯನಿ ರಾಜನನ್ನು ಮದುವೆಯಾಗಿ ಹೋದಾಗ ಅವಳ ಮಗ ಚೀನಿ ತಾತನ ಮನೆಯಲ್ಲೇ ಉಳಿಯುತ್ತಾನೆ. ಮಗು ವಂಶಕ್ಕೆ ಸೇರಿದ್ದು ಎಂಬುದು ಅಲ್ಲಿನ ನ್ಯಾಯ. ಕೊನೆಗೆ ಶ್ರೋತ್ರಿಗಳಿಗೆ ತಮ್ಮದೇ ಹುಟ್ಟಿನ ಸತ್ಯ ತಿಳಿಯುತ್ತದೆ: ಅವರು ಆ ವಂಶದ ಬೀಜವೇ ಅಲ್ಲ. ಆಸ್ತಿ ದಾಯಾದಿಯ ಪಾಲಾಗಬಾರದೆಂದು ಅವರ ತಾಯಿ ಬೇರೊಬ್ಬನಿಂದ ಮಗುವನ್ನು ಪಡೆಯುವಂತೆ ಮಾಡಲಾಗಿತ್ತು.

ನಾವು ಇದನ್ನು ಸಾಮಾನ್ಯವಾಗಿ ಧರ್ಮದ ಪ್ರಶ್ನೆಯಾಗಿ ಚರ್ಚಿಸುತ್ತೇವೆ. ನಾನು ಆಸ್ತಿಯ ಕಡೆಯಿಂದ ನೋಡುತ್ತೇನೆ. ಮಹಾಭಾರತದಲ್ಲಿ ವ್ಯಾಸರಿಂದ ಅಂಬಿಕೆ, ಅಂಬಾಲಿಕೆಯರಿಗೆ ಮಕ್ಕಳಾದದ್ದು ಗುಟ್ಟಲ್ಲ. ಸತ್ಯವತಿಯೇ ಮುಂದೆ ನಿಂತು ಮಾಡಿಸಿದ್ದು, ಕುಲಕ್ಕೆಲ್ಲ ಗೊತ್ತಿದ್ದದ್ದು. ನಂಜನಗೂಡಿನಲ್ಲಿ ಅದೇ ಕೆಲಸ ಕತ್ತಲಲ್ಲಿ ನಡೆಯಬೇಕಾಯಿತು. ಗಂಡನ ಮಗ ಎಂದು ಲೋಕ ಒಪ್ಪದಿದ್ದರೆ ಪಾಲು ಕೈತಪ್ಪುತ್ತಿತ್ತಲ್ಲ! ಅಂದರೆ ಮೊದಲು ಬಂದದ್ದು ಪಾಲಿನ ಹಟ, ಅದರ ಹಿಂದೆ ಬಂದದ್ದು ಗುಟ್ಟು.

ಈಗ ನಮ್ಮ ಊರಿಗೆ ಬರೋಣ. ಕುಂಬಳೆ ಸೀಮೆಯ ಪುತ್ತಿಗೆ 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಇಲ್ಲಿ ಬ್ರಾಹ್ಮಣರ ಮನೆಗಳಲ್ಲಿ ಮಕ್ಕಳಸಂತಾನ, ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ. ಬೇಲಿಯ ಆಚೆಗೊಂದು, ಈಚೆಗೊಂದು ನ್ಯಾಯ. ಅಳಿಯಸಂತಾನದಲ್ಲಿ ಬಳಿ ಬರುವುದು ತಾಯಿಯಿಂದ, ಕುಟುಂಬದ ಹಕ್ಕೂ ತಾಯಿಯಿಂದ. ಭೂತಾಳ ಪಾಂಡ್ಯನ ಐತಿಹ್ಯದಲ್ಲಿ ಬಲಿಗೆ ಮಗನನ್ನು ಕೊಡಲು ಹೆಂಡತಿ ಒಪ್ಪುವುದಿಲ್ಲ, ತಂಗಿ ಒಪ್ಪುತ್ತಾಳೆ. ಆದ್ದರಿಂದ ಹಕ್ಕು ಅಳಿಯನಿಗೆ. ಇದನ್ನು ಚರಿತ್ರೆ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಸಮಾಜ ತನ್ನ ಆಸ್ತಿಕ್ರಮಕ್ಕೆ ಕೊಟ್ಟುಕೊಂಡ ಕಾರಣ ಅದು.

ಅಂಥ ಮನೆಯಲ್ಲಿ ಶ್ರೋತ್ರಿಗಳು ಹುಟ್ಟಿದ್ದರೆ? ತಂದೆ ಯಾರೆಂಬ ಸತ್ಯ ಮನಸ್ಸನ್ನು ನೋಯಿಸಬಹುದಿತ್ತು, ಆದರೆ ವಂಶವೃಕ್ಷದ ಬೇರು ಅಲುಗುತ್ತಿರಲಿಲ್ಲ. ಹಾಗಂತ ಇಲ್ಲಿ ಗುಟ್ಟೇ ಇರಲಿಲ್ಲ ಅನ್ನಬೇಡಿ. ಆಡಳಿತ ಯಜಮಾನನ ಕೈಯಲ್ಲಿತ್ತು; ಲೆಕ್ಕ, ಅಡವು, ಪಾಲುಪಟ್ಟಿಗಳಲ್ಲಿ ಗುಟ್ಟು ಅಡಗಲು ಜಾಗ ಬೇಕಾದಷ್ಟಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು. 1976ರ ಡಿಸೆಂಬರ್ 1ರಂದು ಜಾರಿಗೆ ಬಂದ ಕೇರಳದ ಕಾಯ್ದೆ ಅವಿಭಕ್ತ ಹಿಂದೂ ಕುಟುಂಬವನ್ನೇ ಕಾನೂನಿನಿಂದ ತೆಗೆದುಹಾಕಿತು. ಕ್ರಮ ಬದಲಾದ ಹಾಗೆ ಮುಚ್ಚಿಡುವ ವಿಷಯವೂ ಬದಲಾಗುತ್ತದೆ ಎಂಬುದಷ್ಟೇ ನನ್ನ ವಾದ.

ಇನ್ನೊಂದು ಮಾತು. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಮಿನ ಪ್ರಕಾರ, ದಾಂಪತ್ಯ ಇರುವಾಗ ಹುಟ್ಟಿದ ಮಗು ಗಂಡನದ್ದೇ ಆಗಿತ್ತು. ಆ ಕಾಲದಲ್ಲಿ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕಿತ್ತು, ಆಗ ಮಾತ್ರ ಬೇರೆ. ಈ ನ್ಯಾಯದಲ್ಲಿ ಶ್ರೋತ್ರಿಗಳನ್ನು ಆ ಮನೆಯಿಂದ ಹೊರಹಾಕುವುದು ಸುಲಭವಲ್ಲ. ಆದರೂ ಅವರು ಆಸ್ತಿ ಬಿಟ್ಟು ಹೊರಡುತ್ತಾರೆ. ಕೋರ್ಟು ಕೇಳದ ಸತ್ಯಕ್ಕೆ ತಾವಾಗಿ ತಲೆಬಾಗುತ್ತಾರೆ. ಅವರ ದೊಡ್ಡತನ ಇಲ್ಲಿದೆ.

ಆದರೆ ಆ ಸತ್ಯದ ಬೆಲೆ ತೆತ್ತವರು ಇಬ್ಬರು ಹೆಂಗಸರು. ಇಲ್ಲದ ಬೀಜದ ಹೆಸರಿನಲ್ಲಿ ಕಾತ್ಯಾಯನಿ ಮಗನನ್ನು ಕಳೆದುಕೊಂಡಳು. ಶ್ರೋತ್ರಿಗಳ ತಾಯಿಗೆ ಈ ವಿಷಯದಲ್ಲಿ ಏನನ್ನಿಸಿತ್ತು? ಸದಾಶಿವರಾಯರಂಥ ಇತಿಹಾಸಕಾರನನ್ನು ಒಳಗಿಟ್ಟುಕೊಂಡ ಕಾದಂಬರಿಯಲ್ಲೂ ಅವಳ ಕಡೆಯ ದಾಖಲೆ ಇಲ್ಲ. ಮನೆತನದ ಚರಿತ್ರೆ ಬರೆಯಹೊರಟ ನಾವು ಆಸ್ತಿಪತ್ರ ಓದಿ ನಿಲ್ಲಬಾರದು, ಅದರಲ್ಲಿ ಯಾರ ಸಹಿ ಇಲ್ಲ ಎಂದೂ ಕೇಳಬೇಕು.

ನನ್ನ ಮಾತು ಇಷ್ಟು. ಅಳಿಯಸಂತಾನದ ಬಗ್ಗೆ ಭಿನ್ನಾಭಿಪ್ರಾಯ ಇರುವವರು ದಯವಿಟ್ಟು ಚರ್ಚೆಯಲ್ಲಿ ಎತ್ತಬೇಕು.