ಗುಳೆ ಹೋದವರ ಚರಿತ್ರೆ: ದುರ್ಗದಿಂದ ಅಮೆರಿಕದವರೆಗೆ

ಉರ್ದುವಿನಲ್ಲಿ ‘ಹಿಜ್ರತ್’ ಎಂಬ ಪದವಿದೆ. ಊರು ಬಿಟ್ಟು ಹೋಗುವುದನ್ನು ಅದು ಗೌರವದಿಂದ ಹೇಳುತ್ತದೆ. ಅದರ ಹಿಂದೆ ಮಕ್ಕಾದಿಂದ ಮದೀನಾಕ್ಕೆ ಹೋದವರ ಮತ್ತು ಅವರನ್ನು ಮನೆಗೆ ಕರೆದುಕೊಂಡ ಅನ್ಸಾರಿಗಳ ನೆನಪಿದೆ. ಕನ್ನಡದಲ್ಲಿ ‘ಗುಳೆ’ ಎಂಬ ಪದವಿದೆ. ಅದರ ಹಿಂದೆ ಇರುವುದು ಬರ, ಬೀಗ ಜಡಿದ ಮನೆ, ದನ ಮಾರಿ ಖಾಲಿಯಾದ ಕೊಟ್ಟಿಗೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ ಈ ಎರಡನೆಯ ಪದದ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ ವಲಸೆ ಕಾರ್ಮಿಕರ ಬಗ್ಗೆ ಗದ್ದಲವೆದ್ದಾಗಲೆಲ್ಲ ನಮ್ಮ ಪತ್ರಿಕೆಗಳು ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರರ ವೀಸಾ ಚಿಂತೆಯನ್ನು ಮುಖಪುಟಕ್ಕೆ ತರುತ್ತವೆ. ತರಲಿ, ಅದೂ ಚಿಂತೆಯೇ. ಆದರೆ ಆ ದೇಶದ ಕೂಲಿ ಮಾರುಕಟ್ಟೆಗೂ ನಮ್ಮ ಬಯಲುಸೀಮೆಗೂ ಇರುವ ನಂಟು ವೀಸಾಕ್ಕಿಂತ ಬಹಳ ಹಳೆಯದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ದುಡಿಸಿಕೊಳ್ಳುವವರಿಗೆ ಎಲ್ಲ ಕಾಲದಲ್ಲೂ ಬೇಕಾದದ್ದು ಕೈಗಳು. ಆ ಕೈಗಳ ಜೊತೆಗೆ ಬರುವ ಮನುಷ್ಯನಲ್ಲ.

ಕೋಟೆ ಬಿಟ್ಟವರು

ದುರ್ಗದ ಚರಿತ್ರೆಯಲ್ಲಿ ದಾಖಲಾದ ದೊಡ್ಡ ವಲಸೆಗಳಲ್ಲಿ ಒಂದು ಬಲವಂತದ್ದು. 1779ರಲ್ಲಿ ಹೈದರಾಲಿ ಕೋಟೆಯನ್ನು ಗೆದ್ದು ಮದಕರಿ ನಾಯಕನನ್ನು ಸೆರೆಹಿಡಿದ. ದುರ್ಗದ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂದೂ, ಅವರ ಹುಡುಗರಿಂದ ‘ಚೇಲಾ’ ಪಡೆಗಳನ್ನು ಕಟ್ಟಲಾಯಿತೆಂದೂ ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಬ್ರಿಟಿಷರ ಲೆಕ್ಕವನ್ನು ಎಚ್ಚರದಿಂದ ಓದಬೇಕು, ನಿಜ. ಆದರೆ ಆಳಿದವನು ಮುಸ್ಲಿಮನೆಂಬ ಕಾರಣಕ್ಕೆ ನಾವು ಈ ಪುಟವನ್ನು ಮಗುಚಿ ಹಾಕಬೇಕಾಗಿಲ್ಲ; ಅದೇ ಕಾರಣಕ್ಕೆ ಇನ್ನೊಬ್ಬರು ಇದೊಂದೇ ಪುಟವನ್ನು ಓದುತ್ತ ಕೂರಬೇಕಾಗಿಯೂ ಇಲ್ಲ. ಜನ ಕಡಿಮೆಯಿದ್ದ ಕಾಲದಲ್ಲಿ ನೆಲಕ್ಕಿಂತ ಆಳಿನ ಬೆಲೆ ಹೆಚ್ಚು. ರಾಜಧಾನಿಗೆ ಜನ ಬೇಕಿತ್ತು, ಸೈನ್ಯಕ್ಕೆ ಹುಡುಗರು ಬೇಕಿದ್ದರು. ಹೋಗುವವರ ಇಷ್ಟವನ್ನು ಯಾರೂ ಕೇಳಲಿಲ್ಲ.

ಅಮೆರಿಕದ ಯುದ್ಧ, ನಮ್ಮ ಹತ್ತಿ

ಮುಂದಿನ ಶತಮಾನದಲ್ಲಿ ಆಳನ್ನು ಎಳೆದೊಯ್ಯುವ ಕೆಲಸವನ್ನು ರಾಜರಿಗಿಂತ ಮಾರುಕಟ್ಟೆ ಹೆಚ್ಚಾಗಿ ಮಾಡಿತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ ನಮ್ಮ ದೇಶದಲ್ಲಿ ಪ್ರಯೋಗ ಮಾಡಿಸಿತು. ಬೇರೆ ಕಡೆ ಹೆಚ್ಚಾಗಿ ಸೋತ ಆ ತಳಿ ಧಾರವಾಡದ ಎರೆಭೂಮಿಯಲ್ಲಿ ಬೇರೂರಿ ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆಯಿತು. ಆ ಹೊತ್ತಿಗೆ ಇಂಗ್ಲೆಂಡಿನ ಗಿರಣಿಗಳು ನಡೆಯುತ್ತಿದ್ದುದು ಅಮೆರಿಕದ ದಕ್ಷಿಣ ರಾಜ್ಯಗಳ ಕರಿಯ ಗುಲಾಮರು ಬಿಡಿಸಿದ ಹತ್ತಿಯಿಂದ. 1860ರ ಜನಗಣತಿಯಂತೆ ಅಲ್ಲಿದ್ದ ಗುಲಾಮರು ಸುಮಾರು 40 ಲಕ್ಷ.

1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಯಿತು, ಹತ್ತಿಯ ಹಡಗುಗಳು ನಿಂತವು. ಕನ್ನಡ ನಾಡಿನ ಹತ್ತಿಗೆ ಕೇಳರಿಯದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಗುಲಾಮಗಿರಿ ಕಾನೂನಿನಲ್ಲಿ ರದ್ದಾಯಿತು, ಇಲ್ಲಿ ಬೆಲೆ ಕುಸಿಯಿತು. ಅಲ್ಲಿ ಗುಲಾಮ ಬಿಡುಗಡೆಯಾದದ್ದು ಇಲ್ಲಿಯ ರೈತನಿಗೆ ಬೆಲೆಯ ಏರಿಳಿತವಾಗಿ ಮಾತ್ರ ತಲುಪಿತು.

ಹತ್ತಿಯ ಜೊತೆ ಬದುಕಿದವರು ರೈತರಷ್ಟೇ ಅಲ್ಲ. ಬಿಲ್ಲು ಹೊತ್ತು ಊರೂರು ತಿರುಗಿ ಹತ್ತಿ ಹಿಂಜುತ್ತಿದ್ದ ಪಿಂಜಾರರು, ಅಂದರೆ ನದಾಫರು, ಚಿತ್ರದುರ್ಗ, ದಾವಣಗೆರೆ, ಬಳ್ಳಾರಿಯ ಕಡೆ ಇಂದಿಗೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಮನೆಯಲ್ಲಿ ಕನ್ನಡವನ್ನೇ ಆಡುವ ಮುಸ್ಲಿಮರು ಇವರು. ಜಿನ್ನಿಂಗ್ ಯಂತ್ರ ಬಂದಾಗ ಇವರ ಕೆಲಸದ ಒಂದು ಭಾಗ ಹೋಯಿತು. ಫೋಮ್ ಹಾಸಿಗೆ ಬಂದಾಗ ಉಳಿದದ್ದೂ ಹೋಯಿತು. ಇವರ ಜಾಗಕ್ಕೆ ಹೊರಗಿನಿಂದ ಯಾವ ಕಾರ್ಮಿಕನೂ ಬರಲಿಲ್ಲ. ಕೆಲಸವೇ ಇಲ್ಲವಾಯಿತು. ಪರಊರಿನವನು ಬಂದು ಕೆಲಸ ಕಸಿದ ಎಂದು ಕೂಗುವವರು ಈ ಬಗೆಯ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬರ, ರೈಲು, ಅಣೆಕಟ್ಟು

1876–78ರ ಮಹಾ ಕ್ಷಾಮ ಮೈಸೂರು ಸಂಸ್ಥಾನದ ಬೆನ್ನು ಮುರಿಯಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ನೆರೆಯ ಬೊಂಬಾಯಿ ಪ್ರಾಂತ್ಯದಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದಾಗ ಹಸಿದ ಕೂಲಿಗಳೇ ಕೆಲಸ ನಿಲ್ಲಿಸಿ ಪ್ರತಿಭಟಿಸಿದ್ದರು.

ಕ್ಷಾಮದ ನಂತರ ರೈಲು ಬಂತು. ಬೆಂಗಳೂರು–ಹರಿಹರ ಮಾರ್ಗ 1889ರ ಹೊತ್ತಿಗೆ ಪೂರ್ತಿಯಾಯಿತು. ಹೊಸದುರ್ಗ ರೋಡ್, ರಾಮಗಿರಿ, ಚಿಕ್ಕಜಾಜೂರು ಇವೆಲ್ಲ ಆ ಹಾದಿಯ ನಿಲ್ದಾಣಗಳು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತುತ್ತಿದ್ದ ಲಂಬಾಣಿಗರ ವ್ಯಾಪಾರವನ್ನು ರಸ್ತೆ ಮತ್ತು ರೈಲು ಸೇರಿ ಮುಗಿಸಿದವು. ಸೈನ್ಯಗಳಿಗೆ ಅನ್ನ ಮುಟ್ಟಿಸಿದವರು ತಾಂಡಾಗಳಲ್ಲಿ ನೆಲೆನಿಂತು ಕೂಲಿಗಳಾದರು. ಮಲೆನಾಡಿನ ಕಾಫಿ ತೋಟದ ಕಡೆಗೆ ಹೋಗುವ ಅವರ ಸುಗ್ಗಿಕಾಲದ ಗುಳೆಗೆ ಬೇರು ಇಲ್ಲಿದೆ.

ಗುಳೆ ನಿಲ್ಲಿಸುವ ದೊಡ್ಡ ಪ್ರಯತ್ನವೂ ಇದೇ ಜಿಲ್ಲೆಯಲ್ಲಿ ನಡೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ, ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟೆಯ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕಣಿವೆಯ ದೇವತೆಯ ಹೆಸರು ಹೋಗಿ ಮಹಾರಾಣಿ ವಾಣಿವಿಲಾಸರ ಹೆಸರು ಬಂತು. 30 ಟಿ.ಎಂ.ಸಿ. ನೀರಿನ ಆ ಸಾಗರ 1933ರಲ್ಲಿ ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ರಾಣಿಯ ಹೆಸರು, ದಿವಾನರ ಹೆಸರು ನಮಗೆ ಗೊತ್ತು. ಒಂಬತ್ತು ವರ್ಷ ಕಲ್ಲು ಒಡೆದು, ಮಣ್ಣು ಹೊತ್ತು, ಗಾರೆ ಅರೆದವರ ಒಂದು ಹೆಸರೂ ಜನರ ಬಾಯಲ್ಲಿ ಉಳಿದಿಲ್ಲ.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಕೆಲಸ ಉಳಿದು ಕೆಲಸಗಾರ ಅಳಿಸಿಹೋಗುವ ಈ ರೀತಿ ನಮ್ಮದಷ್ಟೇ ಅಲ್ಲ. ಅಮೆರಿಕದ ಪೂರ್ವ ಮತ್ತು ಪಶ್ಚಿಮವನ್ನು ಜೋಡಿಸಿದ ರೈಲುಹಾದಿಯ ಪಶ್ಚಿಮ ಭಾಗವನ್ನು ಪರ್ವತ ಕೊರೆದು ಹಾಕಿದವರಲ್ಲಿ ಚೀನೀಯರೇ ಬಹುಪಾಲು, 10,000ಕ್ಕೂ ಹೆಚ್ಚು ಮಂದಿ. ಹಳಿಗಳು ಕೂಡಿದ್ದು 1869ರ ಮೇ 10ರಂದು. ಚೀನೀ ಕೂಲಿಗಳು ದೇಶಕ್ಕೆ ಬರಬಾರದೆಂಬ ಕಾನೂನು ಆದದ್ದು 1882ರಲ್ಲಿ. ಅದು ರದ್ದಾಗಲು 1943 ಬರಬೇಕಾಯಿತು.

1917 ಇನ್ನೊಂದು ವಿಚಿತ್ರ ವರ್ಷ. ನಮ್ಮ ಜನರನ್ನು ಕರಾರಿನ ಮೇಲೆ ಫಿಜಿ, ಟ್ರಿನಿಡಾಡ್‌ಗಳ ಕಬ್ಬಿನ ಗದ್ದೆಗೆ ಸಾಗಿಸುತ್ತಿದ್ದ ಪದ್ಧತಿಯನ್ನು ಆ ವರ್ಷ ಬ್ರಿಟಿಷ್ ಸರಕಾರ ತಡೆಹಿಡಿಯಿತು. ಅದೇ ವರ್ಷ ಅಮೆರಿಕ ಏಷ್ಯಾದ ಬಹುಭಾಗದ ಜನ ತನ್ನ ನೆಲಕ್ಕೆ ಕಾಲಿಡದಂತೆ ಕಾನೂನು ಮಾಡಿತು. ಬಂಧಿತ ಕೂಲಿಯಾಗಿ ಹೋಗುವ ಬಾಗಿಲಿನ ಜೊತೆಗೆ ಸ್ವತಂತ್ರನಾಗಿ ಹೋಗುವ ಬಾಗಿಲೂ ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರ ಮೊಕದ್ದಮೆಯಲ್ಲಿ, ಭಾರತೀಯ ‘ಬಿಳಿಯ’ನಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಾಗಿದ್ದವರು.

ಆದರೂ ಹೋದವರಿದ್ದಾರೆ. ಬಂಗಾಳದ ಹೂಗ್ಲಿ ಕಡೆಯ ಮುಸ್ಲಿಂ ವ್ಯಾಪಾರಿಗಳು ಕಸೂತಿ ಬಟ್ಟೆಯ ಗಂಟು ಹೊತ್ತು ಅಮೆರಿಕದ ಊರುಗಳಲ್ಲಿ ತಿರುಗಿದರು. ಹಡಗಿನ ಒಲೆಮನೆಯಲ್ಲಿ ಬೇಯುತ್ತಿದ್ದ ಬಂಗಾಳಿ ಖಲಾಸಿಗಳು ನ್ಯೂಯಾರ್ಕಿನಲ್ಲಿ ಇಳಿದು ಮಾಯವಾಗಿ, ಕಾರ್ಖಾನೆ, ಹೋಟೆಲುಗಳಲ್ಲಿ ದುಡಿದರು. ಬಿಳಿಯರ ಬೀದಿಯಲ್ಲಿ ಜಾಗ ಸಿಗದಿದ್ದಾಗ ಕರಿಯರ ಹಾರ್ಲೆಮ್ ಅವರಿಗೆ ಮನೆ ಕೊಟ್ಟಿತು. ಅಲ್ಲಿಯ ಕರಿಯ ಮತ್ತು ಪೋರ್ಟೊರಿಕೋದ ಹೆಣ್ಣುಮಕ್ಕಳನ್ನು ಮದುವೆಯಾಗಿ ಸಂಸಾರ ಹೂಡಿದರು. ವಿವೇಕ್ ಬಾಲ್ಡ್ 2013ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಮರೆತ ಕಥೆ ಹೊರಗೆ ಬಂತು. ಮದೀನಾದ ಅನ್ಸಾರಿಗಳ ಕೆಲಸವನ್ನು ಅಲ್ಲಿ ಮಾಡಿದವರು ಹಿಂದಿನ ಗುಲಾಮರ ಮಕ್ಕಳು, ಮೊಮ್ಮಕ್ಕಳು.

ಎರಡನೆಯ ಮಹಾಯುದ್ಧದಲ್ಲಿ ಹೊಲಕ್ಕೆ ಆಳು ಸಾಲದಾದಾಗ ಅಮೆರಿಕವೇ ಮೆಕ್ಸಿಕೋದಿಂದ ಕೂಲಿಗಳನ್ನು ಕರೆಸಿತು. 1942ರಿಂದ 1964ರವರೆಗೆ ನಡೆದ ‘ಬ್ರಸೆರೊ’ ಯೋಜನೆಯಲ್ಲಿ ಸುಮಾರು 45 ಲಕ್ಷ ಕರಾರುಗಳಾದವು. ಮೊದಲ ವರ್ಷಗಳಲ್ಲಿ ಕೂಲಿಯ ಹತ್ತನೆಯ ಒಂದು ಭಾಗವನ್ನು ಉಳಿತಾಯದ ಹೆಸರಲ್ಲಿ ಹಿಡಿದಿಟ್ಟರು. ಎಷ್ಟೋ ಜನರಿಗೆ ಅದು ಮರಳಿ ಸಿಗಲೇ ಇಲ್ಲ. ಒಂದು ಕೈಯಿಂದ ಹೀಗೆ ಕರೆಯುತ್ತಲೇ 1954ರಲ್ಲಿ ಇನ್ನೊಂದು ಕೈಯಿಂದ ಮೆಕ್ಸಿಕನ್ನರನ್ನು ಹಿಂಡುಹಿಂಡಾಗಿ ಗಡಿಯಾಚೆ ದಬ್ಬಿದರು.

1965ರ ಕಾನೂನಿನಿಂದ ಓದಿದ ಭಾರತೀಯರಿಗೆ ಬಾಗಿಲು ತೆರೆಯಿತು. 1990ರಲ್ಲಿ ಎಚ್-1ಬಿ ವೀಸಾ ಬಂತು. ಕಂಪ್ಯೂಟರ್ ಕೆಲಸ ಉಕ್ಕಿದ ದಿನಗಳಲ್ಲಿ ವರ್ಷಕ್ಕೆ 1,95,000ಕ್ಕೆ ಏರಿದ್ದ ಅದರ ಮಿತಿ 2004ರಲ್ಲಿ ಮತ್ತೆ 65,000ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಲಾಯಿತು. ಇಂಜಿನಿಯರನ ಕೊರಳಿನ ಟೈ ಬೇರೆ, ಬ್ರಸೆರೊನ ಹುಲ್ಲಿನ ಟೋಪಿ ಬೇರೆ. ಬಾಗಿಲ ಅಗುಳಿ ಮಾತ್ರ ಒಂದೇ.

ಕೆಲಸವೇ ಗುಳೆ ಹೋದಾಗ

ನಮ್ಮ ಜಿಲ್ಲೆಗೆ ಮರಳೋಣ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಸುತ್ತಲ ತಾಲೂಕುಗಳ ಬಡವರಿಗೆ ತಿಂಗಳ ಸಂಬಳದ ರುಚಿ ತೋರಿಸಿದವು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರು 1978, 1983, 1985ರಲ್ಲಿ ಕಮ್ಯುನಿಸ್ಟ್ ಪಕ್ಷದಿಂದ ವಿಧಾನಸಭೆಗೆ ಗೆದ್ದರು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಂಗಳದಾಳಿನ ತಾಮ್ರದ ಗಣಿಯೂ ಮುಚ್ಚಿತು. ಕಬ್ಬಿಣದ ಅದಿರಿನ ಭರಾಟೆ ಕೆಲವು ವರ್ಷ ಲಾರಿ ಚಾಲಕರಿಗೆ, ಕೂಲಿಗಳಿಗೆ ಕಾಸು ತೋರಿಸಿತು. ಧೂಳು ತೋಟಗಳ ಮೇಲೆ ಕೂತಿತು. ಅಕ್ರಮದ ಕಾರಣ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗದಲ್ಲೂ ಗಣಿಗಾರಿಕೆಯನ್ನು ತಡೆಯಿತು. ತಪ್ಪು ಮಾಡಿದವರು ಯಾರೋ, ಮರುದಿನ ಕೆಲಸವಿಲ್ಲದೆ ನಿಂತವರು ಇನ್ಯಾರೋ.

ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ಕರ್ನಾಟಕದಲ್ಲಿ ಮೊದಲಿಗೆ ಆರಿಸಿದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ನಮ್ಮ ಬಡತನಕ್ಕೆ ಸರಕಾರ ಕೊಟ್ಟ ಪ್ರಮಾಣಪತ್ರ ಅದು. ವರ್ಷಕ್ಕೆ 100 ದಿನದ ಕೆಲಸದ ಭರವಸೆ ಗುಳೆಯನ್ನು ತುಸು ತಡೆಯಿತೇ ಹೊರತು ನಿಲ್ಲಿಸಲಿಲ್ಲ. ಹೆದ್ದಾರಿ ಇದೆ, ಸುಮಾರು 200 ಕಿಲೋಮೀಟರ್ ದೂರದಲ್ಲಿ ಬೆಂಗಳೂರಿದೆ. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಗಾರ್ಮೆಂಟ್ಸ್‌ಗೆ.

ಅಲ್ಲಿ ಹೊಲಿಯುವ ಅಂಗಿ ಬಹುಪಾಲು ಅಮೆರಿಕ, ಯುರೋಪುಗಳ ಅಂಗಡಿಗೆ ಹೋಗುತ್ತದೆ. ದೇಶದೇಶಗಳ ಜವಳಿಗೆ ಇದ್ದ ಕೋಟಾ 2005ರ ಆರಂಭದಲ್ಲಿ ಕೊನೆಗೊಂಡಿತು. ಅಮೆರಿಕದ ಬಟ್ಟೆ ಕಾರ್ಖಾನೆಗಳ ಕೆಲಸ ಕಡಿಮೆ ಕೂಲಿಯ ನಾಡುಗಳನ್ನು ಹುಡುಕುತ್ತ ಬಂತು. ಅಂದರೆ ಹಿರಿಯೂರಿನ ಹೆಣ್ಣುಮಗಳು ಅಮೆರಿಕಕ್ಕೆ ಹೋಗಲಿಲ್ಲ, ಅಮೆರಿಕದ ಕೆಲಸವೇ ಗುಳೆ ಎದ್ದು ಅವಳ ಬಳಿ ಬಂತು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಸರಕಾರ ಮಿತಿ ಹಾಕಿದಾಗ, ಯಾವ ನಾಯಕನಿಗೂ ಕಾಯದೆ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೆಂಗಳೂರಿನ ರಸ್ತೆಗಿಳಿದರು. ಆ ನಿಯಮ ವಾಪಸ್ಸಾಯಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಮೊದಲು ನಡುಗಿದವುಗಳಲ್ಲಿ ಈ ಕಾರ್ಖಾನೆಗಳೂ ಇದ್ದವು. 1861ರ ಹತ್ತಿಯ ರೈತನಂತೆ ಇವಳ ಅನ್ನವೂ ಕಾಣದ ದೇಶದ ನಿರ್ಧಾರಕ್ಕೆ ಕಟ್ಟುಬಿದ್ದಿದೆ.

ನಮ್ಮ ಸರದಿ

ಇಷ್ಟರಲ್ಲಿ ಚಕ್ರ ಇನ್ನೊಂದು ಸುತ್ತು ತಿರುಗಿದೆ. ಗುಳೆ ಕಳಿಸುವ ನಾಡೇ ಈಗ ಗುಳೆ ಬಂದವರನ್ನೂ ನೋಡುತ್ತಿದೆ. ತೋಟ, ಕ್ರಷರ್, ರಸ್ತೆ, ಹೋಟೆಲುಗಳಲ್ಲಿ ಬಿಹಾರ, ಒಡಿಶಾ, ಬಂಗಾಳ, ಅಸ್ಸಾಂಗಳ ಹುಡುಗರು ದುಡಿಯುತ್ತಾರೆ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲೇ ಕಾಯ್ದೆಯಾಗಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅವರೆಷ್ಟು ಜನ, ಎಲ್ಲಿದ್ದಾರೆ ಎಂಬ ಪಟ್ಟಿಯೇ ಸರಕಾರಗಳ ಕೈಯಲ್ಲಿರಲಿಲ್ಲ. ಆ ಮೇ ತಿಂಗಳಲ್ಲಿ ಕಟ್ಟಡ ಉದ್ಯಮಿಗಳ ಜೊತೆಗಿನ ಸಭೆಯ ಬೆನ್ನಲ್ಲೇ ಕರ್ನಾಟಕ ಸರಕಾರ ಅವರನ್ನು ಊರಿಗೆ ಒಯ್ಯುವ ರೈಲುಗಳನ್ನು ರದ್ದು ಮಾಡಿತು. ಟೀಕೆ ಎದ್ದ ಮೇಲೆ ಮತ್ತೆ ಬಿಟ್ಟಿತು. ಬರುವಾಗ ಪರದೇಶಿ ಎಂದವರೇ ಹೋಗುವಾಗ ಆಳು ಎಂದು ಹಿಡಿದುಕೊಂಡರು.

ಈ ಹುಡುಗರಲ್ಲಿ ಬಂಗಾಳಿ ಮಾತಾಡುವ ಮುಸ್ಲಿಮನಿದ್ದರೆ ಅವನ ಪಾಡು ಇನ್ನೂ ಬೇರೆ. ಬಾಯಿ ತೆರೆದ ಕೂಡಲೇ ಅವನು ಬಾಂಗ್ಲಾದೇಶಿ ಎಂಬ ಅನುಮಾನ. ಕೂಲಿ ಕೇಳಿದರೆ ಮೊದಲು ಕಾಗದ ತೋರಿಸೆಂಬ ಬೆದರಿಕೆ. ಹಾರ್ಲೆಮ್‌ನಲ್ಲಿ ಅವಿತು ಬದುಕಿದ ಖಲಾಸಿಗಳ ನಾಡಿನವನೇ ಇವನೂ. ಅಕ್ರಮವಾಗಿ ಗಡಿ ದಾಟಿದವರನ್ನು ವಿಚಾರಿಸಲು ಕಾನೂನಿದೆ, ಕೋರ್ಟಿದೆ. ಬೀದಿಯ ಗುಂಪಿಗೆ ಆ ಅಧಿಕಾರವಿಲ್ಲ, ಮೇಸ್ತ್ರಿಗೂ ಇಲ್ಲ. ಅನುಮಾನದ ಲಾಭ ಎಲ್ಲಿಗೆ ಹೋಗುತ್ತದೆಂದು ನೋಡಿದರೆ ಸಾಕು: ಹೆದರಿದ ಆಳಿಗೆ ಕಡಿಮೆ ಕೂಲಿ ಕೊಡಬಹುದು, ಕೊಡದೆಯೂ ಇರಬಹುದು. ಆ ಕಡಿಮೆ ಕೂಲಿ ಊರಿನ ಆಳಿನ ಕೂಲಿಯನ್ನೂ ಕೆಳಗೆ ಎಳೆಯುತ್ತದೆ. ಹೊರಗಿನವನನ್ನು ಹೆದರಿಸುವುದರಿಂದ ಒಳಗಿನವನಿಗೆ ಸಿಗುವುದು ನಷ್ಟವೇ.

ಕೂಲಿಯನ್ನು ತಡಮಾಡದೆ ಕೊಡಬೇಕೆಂದು ಪ್ರವಾದಿಯವರು ತಾಕೀತು ಮಾಡಿದರು. ಕಾಯಕಕ್ಕೆ ಮೇಲು ಕೀಳಿಲ್ಲವೆಂದು ಈ ನೆಲದ ಶರಣರು ಹೇಳಿದರು. ಇಬ್ಬರೂ ದುಡಿದವನ ಊರು ಕೇಳಲಿಲ್ಲ. ಅಮೆರಿಕ ನಮ್ಮ ಮಕ್ಕಳನ್ನು ಮನುಷ್ಯರಂತೆ ಕಾಣಲಿ ಎಂದು ಕೇಳುವ ಹಕ್ಕು ನಮಗಿದೆ. ಅದನ್ನು ಕೇಳುವ ಮೊದಲು ಹೊಳಲ್ಕೆರೆಯ ತೋಟದಲ್ಲಿ, ಹೊಸದುರ್ಗದ ಕ್ರಷರಿನಲ್ಲಿ ದುಡಿಯುವ ಹುಡುಗನಿಗೆ ವಾರದ ಬಟವಾಡೆ ಸರಿಯಾಗಿ ಸಿಕ್ಕಿತೇ, ಮಲಗಲು ಸೂರಿದೆಯೇ, ಅವನ ಹೆಸರು ಯಾವುದಾದರೂ ರಿಜಿಸ್ಟರಿನಲ್ಲಿದೆಯೇ ಎಂದು ವಿಚಾರಿಸೋಣ. ಮಾರಿಕಣಿವೆ ಕಟ್ಟಿದವರ ಹೆಸರು ನಮಗೆ ಉಳಿಯಲಿಲ್ಲ. ಇವರದ್ದಾದರೂ ಉಳಿಯಲಿ.