ವಸಾಯಿ ಕೋಟೆಯ ಪಾಳು ಮಠಗಳು

ಇಂಗ್ಲೆಂಡಿಗೆ ಹೋದ ನೆಂಟರು ಅಲ್ಲಿನ ಪಾಳುಬಿದ್ದ ಮಠಗಳ ಫೋಟೋ ಕಳಿಸುತ್ತಿರುತ್ತಾರೆ. ಸೂರಿಲ್ಲದ ಗೋಡೆ, ಕಮಾನಿನೊಳಗೆ ಕಾಣುವ ಆಕಾಶ... ಇದನ್ನೆಲ್ಲ ನೋಡಲು ನಮ್ಮ ಬಾಂದ್ರಾದವರಿಗೆ ವೀಸಾ ಬೇಕಿಲ್ಲ ಮಾರಾಯ್ರೆ. ವಿರಾರ್ ಲೋಕಲ್ ಹತ್ತಿ ವಸಾಯಿ ರೋಡಿನಲ್ಲಿ ಇಳಿದು, ರಿಕ್ಷಾ ಹಿಡಿದರೆ ಆಯಿತು. ಕಳೆದ ರಜೆಯಲ್ಲಿ ಹೆಂಡತಿ, ಮಗಳೊಂದಿಗೆ ಅಲ್ಲಿನ ಕೋಟೆ ನೋಡಿಬಂದೆ.

ಗುಜರಾತಿನ ಸುಲ್ತಾನ ಬಹಾದೂರ್ ಶಾ 1534ರಲ್ಲಿ ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಮೊಗಲ್ ಹುಮಾಯೂನನ ಹೆದರಿಕೆ ಅವನಿಗೆ. ನಮ್ಮ ಬಾಂದ್ರಾ ಇರುವ ಸಾಲ್ಸೆಟ್ ದ್ವೀಪವೂ, ಮುಂಬಯಿಯ ದ್ವೀಪಗಳೂ ಅದೇ ಒಪ್ಪಂದದಲ್ಲಿ ಹೋದವು. ಸೋಜಿಗ ನೋಡಿ, ಅತ್ತ ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡ. ಇತ್ತ ವಸಾಯಿಯಲ್ಲಿ ಆ ಶತಮಾನವಿಡೀ ಹೊಸ ಮಠಗಳು ಏಳುತ್ತಿದ್ದವು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಬ್ರಾಂಚ್ ಬಂದ್, ಇಲ್ಲಿ ಓಪನಿಂಗ್!

ಫ್ರಾನ್ಸಿಸ್ಕನ್, ಡೊಮಿನಿಕನ್, ಜೆಸುಯಿಟ್, ಅಗಸ್ಟೀನಿಯನ್ ಹೀಗೆ ಒಂದೊಂದು ಪಂಗಡಕ್ಕೂ ಕೋಟೆಯೊಳಗೆ ಒಂದೊಂದು ನೆಲೆ. ನಮ್ಮ ಕಡೆಯ ಮಠಗಳಂತೆಯೇ ಪೂಜೆ, ಸನ್ಯಾಸಿಗಳ ವಾಸ, ಪಾಠ, ಜಮೀನಿನ ಉತ್ಪನ್ನ ಎಲ್ಲ ಇತ್ತು. ಫ್ರಾನ್ಸಿಸ್ಕನ್ನರ ಸಂತ ಅಂತೋನಿಯ ಇಗರ್ಜಿಯಲ್ಲಿ ಈಗ ಮಾಡಿಲ್ಲ. ನೆಲದಲ್ಲಿ ಮಾತ್ರ ಪೋರ್ಚುಗೀಸ್ ದೊಡ್ಡವರ ಗೋರಿಕಲ್ಲುಗಳು. ಮಗಳು ಬಗ್ಗಿ ಅಕ್ಷರ ಓದಲು ನೋಡಿದಳು, ಅರ್ಥವಾಗಲಿಲ್ಲ. "ಇವರೆಲ್ಲ ಎಲ್ಲಿ ಹೋದ್ರು ಪಪ್ಪಾ?" ಅಂದಳು.

1739ರ ಮೇ ತಿಂಗಳಲ್ಲಿ ಚಿಮಾಜಿ ಅಪ್ಪಾನ ಮರಾಠಾ ಸೈನ್ಯ ಕೋಟೆ ಗೆದ್ದಿತು. ಸೋತವರಿಗೆ ಷರತ್ತಿನ ಮೇಲೆ ಹೊರಟುಹೋಗಲು ಬಿಟ್ಟರು. ಮರಾಠರದ್ದೂ ಅಲ್ಲಿ ಶಾಶ್ವತವಾಗಲಿಲ್ಲ ಅನ್ನಿ. 1802ರಲ್ಲಿ ಎರಡನೇ ಬಾಜಿರಾಯ ಇಂಗ್ಲಿಷರಿಗೆ ತಲೆಬಾಗಿ ಸಹಿ ಹಾಕಿದ್ದು ಇದೇ ವಸಾಯಿಯಲ್ಲಿ.

ಆದರೆ ಮಗಳೇ, ಎಲ್ಲರೂ ಹೋಗಲಿಲ್ಲ ಅಂದೆ. ಮಠ ಬಿದ್ದರೂ ಊರಿನ ಭಕ್ತರು ಉಳಿದರು. ವಸಾಯಿಯ ಕುಪಾರಿ ಕ್ರೈಸ್ತರು ಇವತ್ತಿಗೂ ಮನೆಯಲ್ಲಿ ಆಡುವುದು ಕಾದೋಡಿ ಎಂಬ ಮಾತು. ಅದೇ ಸೀಮೆಯ ಸಾಮವೇದಿ ಬ್ರಾಹ್ಮಣರದ್ದೂ ಅದೇ ಮಾತು. ದೇವರು ಬೇರೆಯಾದರೂ ಅಡುಗೆಮನೆಯ ಭಾಷೆ ಒಂದೇ ಉಳಿಯಿತು. ನಮ್ಮ ಬಾಂದ್ರಾದ ಈಸ್ಟ್ ಇಂಡಿಯನ್ನರ ಹಳೆಯ ಮನೆಗಳಲ್ಲೂ ಮರಾಠಿ ಕೇಳುತ್ತದೆ. ಆಳಿದವರು ಕಲ್ಲಿನಲ್ಲಿ ಕೊರೆಸಿದ ಪೋರ್ಚುಗೀಸನ್ನು ಈ ಊರಲ್ಲಿ ಈಗ ಯಾರು ಆಡುತ್ತಾರೆ ಹೇಳಿ?

ಮುಂಬಯಿಯಲ್ಲಿ ನಾವು ಕನ್ನಡಿಗರೂ ಸಂಘ, ಸಭಾಗೃಹ ಅಂತ ಸಾಕಷ್ಟು ಕಟ್ಟಿದ್ದೇವೆ. ಗೋಡೆಯಲ್ಲಿ ದಾನಿಗಳ ಹೆಸರಿನ ಅಮೃತಶಿಲೆಯೂ ಇದೆ. ಕಟ್ಟಡ ಬೇಕು, ಬೇಡ ಅನ್ನುವವನಲ್ಲ ನಾನು. ಆದರೆ ಮುನ್ನೂರು ವರ್ಷ ತಾಳುವುದು ಯಾವುದು ಎಂದು ಯಾರಾದರೂ ಕೇಳಿದರೆ, ಆ ಅಮೃತಶಿಲೆಗಿಂತ ಮಗಳು ಅಮ್ಮನ ಹತ್ತಿರ ಕನ್ನಡದಲ್ಲಿ ಜಗಳ ಆಡುವುದರ ಮೇಲೆಯೇ ನನಗೆ ಹೆಚ್ಚು ಭರವಸೆ.